ಕಾಗಕ್ಕ ಪರದೆಯ ಮೇಲೆ ಕುಪ್ಪಳಿಸುವ ಮುನ್ನ

ದೇಶದ ಮಂತ್ರಿಮಹೋದಯರನ್ನೆಲ್ಲ ಅರ್ಧ ಶತಮಾನಕ್ಕೂ ಮಿಕ್ಕಿ ತಮ್ಮ ಕುಂಚದ ಮೊನೆಯಲ್ಲಿ ಕುಣಿಸಿದ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರು, ಯಾವ ಪತ್ರಿಕೆಯ ಒತ್ತಾಯವೂ ಇಲ್ಲದೆ, ಬಾಲ್ಯದಿಂದ ಮೊದಲ್ಗೊಂಡು ಇಳಿವಯಸ್ಸಿನವರೆಗೆ ಬೇಸರವಿಲ್ಲದೆ ಬರೆದ ಜೀವಿಯೊಂದಿದ್ದರೆ ಅದು ಕಾಗೆ. ನವಿಲೂ ಗಿಳಿಯೂ ಇರುವ ನಾಡಿನಲ್ಲಿ ಈ ಕರಿಯ ಹಕ್ಕಿಯ ಮೇಲೇಕೆ ಅಷ್ಟು ಮೋಹವೆಂದು ಕೇಳುವವರಿಗೆ ಅವರ ಚಿತ್ರಗಳೇ ಉತ್ತರ ಹೇಳುತ್ತವೆ. ಬಣ್ಣದ ಆಡಂಬರವಿಲ್ಲದ ಹಕ್ಕಿಯಲ್ಲಿ ಕಣ್ಣಿಗೆ ದಕ್ಕುವುದು ಭಂಗಿಯೊಂದೇ. ಕತ್ತಿನ ಓರೆ, ಕಾಲಿನ ಅನುಮಾನ, ಕೊಕ್ಕಿನ ಧೂರ್ತತನ, ಇವಿಷ್ಟರಿಂದಲೇ ಅದರ ಸ್ವಭಾವ ಪ್ರಕಟವಾಗಬೇಕು. ಅನಿಮೇಷನ್ ವಿದ್ಯೆಗೆ ಕೈಹಾಕುವವನಿಗೆ ಇದಕ್ಕಿಂತ ಒಳ್ಳೆಯ ಗುರು, ಅದೂ ಶುಲ್ಕವಿಲ್ಲದೆ ಪ್ರತಿನಿತ್ಯ ಕಾಂಪೌಂಡು ಗೋಡೆಯ ಮೇಲೆ ಬಂದು ಕೂರುವ ಗುರು, ದೊರೆಯಲಾರನು.

ಈ ವಿದ್ಯೆಯನ್ನು ಕಲಿಯಬೇಕೆಂಬ ಹಂಬಲವುಳ್ಳ ತರುಣರೂ, ಅವರಿಗಿಂತ ಹೆಚ್ಚು ಕಳವಳಗೊಂಡ ಅವರ ತಾಯ್ತಂದೆಯರೂ, ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಯಾವ ಸಾಫ್ಟ್‌ವೇರನ್ನು ಕಲಿಯಬೇಕು ಎಂಬುದು. ಪ್ರಶ್ನೆ ತಪ್ಪಲ್ಲ, ಆದರೆ ಅದು ಎರಡನೆಯ ವರ್ಷದ ಪ್ರಶ್ನೆ. ಪೆನ್ಸಿಲಿನ ಕರಡು, ಪಾತ್ರದ ರೂಪಕಲ್ಪನೆ, ಕಂಪ್ಯೂಟರಿನಲ್ಲಿ ಮಾಡೆಲಿಂಗ್ ಎಂಬ ಮೂರನ್ನು ಮೂರು ಬೇರೆ ಬೇರೆ ಉದ್ಯೋಗಗಳೆಂದು ದೊಡ್ಡ ಸ್ಟುಡಿಯೊಗಳು ವಿಂಗಡಿಸಿಕೊಂಡಿರುವುದು ನಿಜವಾದರೂ, ಅವು ಮೂರೂ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿರುತ್ತವೆ: ಈ ಪಾತ್ರ ಏನು ಮಾಡಬೇಕಾಗಿದೆ? ನಿಶ್ಚಲವಾದ ಚಿತ್ರಕ್ಕೆ ಸೌಂದರ್ಯವೇ ಸಾಕು. ಚಲಿಸಬೇಕಾದ ಚಿತ್ರವಾದರೋ ತನ್ನ ಮೊದಲ ಗೆರೆಯಲ್ಲಿಯೇ ಮುಂದಿನ ಚಲನೆಗೆ ಎಡೆಮಾಡಿಕೊಂಡು ಹುಟ್ಟಬೇಕು. ಈ ಮಾತನ್ನು ತತ್ತ್ವವಾಗಿ ವಿವರಿಸುವುದಕ್ಕಿಂತ ಒಂದು ಪಾತ್ರವನ್ನು ಆದಿಯಿಂದ ಅಂತ್ಯದವರೆಗೆ ಕಟ್ಟಿ ತೋರಿಸುವುದು ಲೇಸೆಂದು, ನಮ್ಮ ಮನೆಗಳ ಹಳೆಯ ಶಿಶುಕಥೆಯಾದ ಕಾಗಕ್ಕ ಗುಬ್ಬಕ್ಕರ ಕಥೆಯಿಂದ ಕಾಗಕ್ಕನನ್ನು ಇಲ್ಲಿ ಕರೆದುಕೊಂಡಿದ್ದೇನೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಸಗಣಿಯ ಮನೆ ಮಳೆಗೆ ಕೊಚ್ಚಿಹೋಗಿ, ತೊಯ್ದು ತೊಪ್ಪೆಯಾದ ಕಾಗಕ್ಕ ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. ಒಳಗಿನ ಗುಬ್ಬಕ್ಕನಾದರೋ ಮಗುವಿಗೆ ಸ್ನಾನ, ಮಗುವಿಗೆ ಊಟ ಎಂದು ಒಂದರ ಮೇಲೊಂದು ನೆಪ ಹೇಳುತ್ತಾಳೆ.

ಮೊದಲು ಕರಡಿನ ಮಾತು. ಬೇಕಾದ ಸಾಮಗ್ರಿ ಅತ್ಯಲ್ಪ: ಗೆರೆಯಿಲ್ಲದ ಒಂದು ಪುಸ್ತಕ, ಒಂದು 2ಬಿ ಮತ್ತು ಒಂದು 4ಬಿ ಪೆನ್ಸಿಲು, ಒಂದು ಸಾಧಾರಣ ಬಾಲ್‌ಪೆನ್. ರಬ್ಬರನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಉತ್ತಮ, ಏಕೆಂದರೆ ಅಳಿಸುತ್ತ ಕುಳಿತವನ ಮುಂದೆ ಕಾಗೆ ಕಾಯುತ್ತ ಕೂರುವುದಿಲ್ಲ. ಬೆಳಗಿನಲ್ಲಿ ಗೋಡೆಯ ಮೇಲೆ ಹಿಡಿ ಅನ್ನವಿಟ್ಟು ದೂರ ಕುಳಿತರೆ ಪಾಠ ಆರಂಭವಾಯಿತು. ಹೊಸಬರು ಮಾಡುವ ತಪ್ಪೆಂದರೆ ಕೊಕ್ಕಿನಿಂದಲೋ ಕಣ್ಣಿನಿಂದಲೋ ಆರಂಭಿಸಿ, ದೇಹವನ್ನು ತಲಪುವ ವೇಳೆಗೆ ಹಕ್ಕಿ ಹಾರಿಹೋದದ್ದನ್ನು ಕಂಡು ನಿಟ್ಟುಸಿರು ಬಿಡುವುದು. ಬದಲಾಗಿ, ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ದೇಹವೆಲ್ಲ ಯಾವ ಬಾಗಿನಲ್ಲಿ ನಿಂತಿದೆಯೋ ಆ ಒಂದೇ ರೇಖೆಯನ್ನು ಮೊದಲು ಎಳೆಯಬೇಕು. ಅದು ಕ್ರಿಯೆಯ ರೇಖೆ. ಅದರ ಮೇಲೆ ಮೊಟ್ಟೆಯಾಕಾರದ ಒಡಲು, ಚಿಕ್ಕದೊಂದು ವೃತ್ತದ ತಲೆ, ಭೂಮಿಯನ್ನು ಮುಟ್ಟಿದ ಎರಡು ಕಾಲು. ಇಷ್ಟಕ್ಕೆ ಮೂವತ್ತು ಸೆಕೆಂಡು ಧಾರಾಳವಾಗಿ ಸಾಕು. ಕಾಗೆ ಭಂಗಿ ಬದಲಿಸಿದೊಡನೆ ಅದೇ ಪುಟದಲ್ಲಿ ಇನ್ನೊಂದನ್ನು ಆರಂಭಿಸಿರಿ. ಅದು ಹಿಂದಿನ ಭಂಗಿಗೆ ಮರಳಿದಾಗ ನೀವೂ ಹಿಂದಿನ ಚಿತ್ರಕ್ಕೆ ಮರಳಿರಿ. ಪ್ರಾಣಿಗಳು ತಮ್ಮ ಭಂಗಿಗಳನ್ನು ಪುನರಾವರ್ತಿಸುತ್ತವೆಂಬ ಗುಟ್ಟು ತಿಳಿದವನಿಗೆ ಆರು ಅಪೂರ್ಣ ಕಾಗೆಗಳ ಒಂದು ಪುಟ ಅರ್ಧ ಗಂಟೆಯಲ್ಲಿ ತಾನಾಗಿಯೇ ತುಂಬಿಕೊಳ್ಳುತ್ತದೆ.

ನೋಡಬೇಕಾದದ್ದು ಮುಖ್ಯವಾಗಿ ಭಾರ. ಒಂದೇ ಕಾಲಿನ ಮೇಲೆ ನಿಂತಾಗ ಒಡಲು ಆ ಕಾಲಿನ ಮೇಲಕ್ಕೆ ಸರಿಯುವುದನ್ನೂ, ಹಾರಿಬಂದು ಕುಳಿತ ಕ್ಷಣದಲ್ಲಿ ದೇಹ ಒಮ್ಮೆ ಕುಗ್ಗಿ ಮತ್ತೆ ನೆಟ್ಟಗಾಗುವುದನ್ನೂ, ಕುಪ್ಪಳಿಸುವ ಮುಂಚೆ ಕಾಲುಗಳು ಮಡಿಯುವುದನ್ನೂ ಗುರುತಿಸಿಕೊಳ್ಳಬೇಕು. ಡಿಸ್ನಿ ಸ್ಟುಡಿಯೊದ ಫ್ರ್ಯಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ಎಂಬ ಹಿರಿಯರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ 12 ಸೂತ್ರಗಳನ್ನು ಇಂದಿಗೂ ಎಲ್ಲ ತರಗತಿಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಅವುಗಳಲ್ಲಿ ಮೊದಲನೆಯದಾದ ಕುಗ್ಗುವಿಕೆ ಹಿಗ್ಗುವಿಕೆಯೂ ಎರಡನೆಯದಾದ ಪೂರ್ವಸಿದ್ಧತೆಯೂ ಗೋಡೆಯ ಮೇಲಿನ ಈ ಕಾಗೆಯಲ್ಲಿ ಪ್ರತ್ಯಕ್ಷವಾಗಿಯೇ ಇವೆ. ಕುಗ್ಗಿದಾಗ ಅಗಲವಾಗಬೇಕು, ಹಿಗ್ಗಿದಾಗ ಸಪೂರವಾಗಬೇಕು, ಒಟ್ಟು ಗಾತ್ರ ಮಾತ್ರ ಬದಲಾಗಬಾರದು ಎಂಬ ಒಂದು ನಿಯಮವನ್ನು ಮರೆತರೆ ಕಾಗೆ ಬಲೂನಾಗಿಬಿಡುತ್ತದೆ.

ತುಸು ಅಂಗರಚನೆಯೂ ತಿಳಿದಿರಬೇಕು. ಹಕ್ಕಿಯ ಕಾಲಿನ ನಡುವೆ ಹಿಂದಕ್ಕೆ ಮಡಿಯುವ ಕೀಲನ್ನು ಮೊಣಕಾಲೆಂದು ಭಾವಿಸುವವರು ಬಹುಮಂದಿ; ವಾಸ್ತವವಾಗಿ ಅದು ಕಣಕಾಲು. ಮೊಣಕಾಲು ಹೊಟ್ಟೆಯ ಬದಿಯ ಗರಿಗಳಲ್ಲಿ ಅಡಗಿದೆ. ರೆಕ್ಕೆಯಾದರೋ ನಮ್ಮ ತೋಳೇ: ರಟ್ಟೆ, ಮುಂದೋಳು, ಮಣಿಕಟ್ಟು, ಒಂದಕ್ಕೊಂದು ಬೆಸೆದುಕೊಂಡ ಬೆರಳುಗಳು. ಕೈಯ ಭಾಗಕ್ಕೆ ಅಂಟಿದ ಉದ್ದ ಗರಿಗಳು ಹತ್ತು, ಮುಂದೋಳಿಗೆ ಅಂಟಿದವು ಅವುಗಳಿಗಿಂತ ಚಿಕ್ಕವು, ಬಾಲಕ್ಕೆ ಹನ್ನೆರಡು. ಕಾಲಿನಲ್ಲಿ ಮೂರು ಬೆರಳು ಮುಂದೆ, ಒಂದು ಹಿಂದೆ. ಈ ಲೆಕ್ಕ ಕರಡಿಗೆ ಅಷ್ಟಾಗಿ ಬೇಡ, ಆದರೆ ಮಾಡೆಲಿಂಗಿಗೆ ಕುಳಿತ ದಿನ ಇದನ್ನು ಬರೆದಿಟ್ಟುಕೊಳ್ಳದವನು ಮತ್ತೆ ಗೋಡೆಯ ಬಳಿಗೆ ಹೋಗಬೇಕಾಗುತ್ತದೆ.

ಇನ್ನು ಪಾತ್ರದ ರೂಪಕಲ್ಪನೆ. ಐವತ್ತು ಪುಟ ಕಾಗೆಗಳನ್ನು ಬರೆದವನಿಗೆ ಕಾಗೆ ಗೊತ್ತು. ಕಾಗಕ್ಕ ಇನ್ನೂ ಗೊತ್ತಿಲ್ಲ. ಆಕೆ ಸೋಮಾರಿಯೋ, ಬಡವಳೋ, ಮಳೆಗಾಲ ಬರುವುದನ್ನು ತಿಳಿದೂ ಉದಾಸೀನ ಮಾಡಿದವಳೋ, ಅಥವಾ ಕಲ್ಲು ಹೊತ್ತು ಮನೆ ಕಟ್ಟುವ ಶಕ್ತಿಯಿಲ್ಲದ ಮುದುಕಿಯೋ? ಈ ಪ್ರಶ್ನೆಗೆ ಕಥೆ ಉತ್ತರ ಹೇಳದಿದ್ದರೆ ಚಿತ್ರಕಾರ ಹೇಳಬೇಕು, ಏಕೆಂದರೆ ಉತ್ತರಕ್ಕೆ ತಕ್ಕಂತೆ ಆಕಾರ ಬದಲಾಗುತ್ತದೆ. ದುಂಡಗಿನ ಆಕಾರ ಮೃದುತ್ವವನ್ನೂ, ಚೌಕ ಸ್ಥೈರ್ಯವನ್ನೂ, ತ್ರಿಕೋನ ಚುರುಕನ್ನೂ ಅಪಾಯವನ್ನೂ ಸೂಚಿಸುತ್ತವೆಂಬುದು ಈ ಕಸುಬಿನವರ ಬಳಕೆಯ ಮಾತು; ಅದನ್ನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ, ಆದರೆ ಮೊದಲ ಮೂವತ್ತು ನಲವತ್ತು ಚಿಕ್ಕ ಚಿತ್ರಗಳನ್ನು ಬೇರೆ ಬೇರೆ ದಿಕ್ಕಿಗೆ ಓಡಿಸುವುದಕ್ಕೆ ಅದು ಸಹಾಯಕ. ಹೆಬ್ಬೆರಳಿನಷ್ಟೇ ದೊಡ್ಡದಾದ ಈ ಚಿತ್ರಗಳನ್ನು ಒಂದೇ ಪುಟದಲ್ಲಿ ಬರೆದು, ಒಳಗೆಲ್ಲ ಕಪ್ಪು ತುಂಬಿ, ತೋಳಿನುದ್ದ ದೂರ ಹಿಡಿದು ನೋಡಬೇಕು. ಯಾವುದು ಕಾಗಕ್ಕ, ಯಾವುದು ಬರಿಯ ಕಾಗೆ ಎಂಬುದು ಹೊರರೇಖೆಯಿಂದಲೇ ತಿಳಿಯದಿದ್ದಲ್ಲಿ ಒಳಗಿನ ಎಷ್ಟು ಅಲಂಕಾರವೂ ಅದನ್ನು ಉದ್ಧರಿಸಲಾರದು. ಕರಿಯ ಹಕ್ಕಿಯಲ್ಲಿ ಈ ಪರೀಕ್ಷೆ ಇನ್ನಷ್ಟು ನಿಷ್ಠುರ, ಏಕೆಂದರೆ ಅದರ ಬಣ್ಣವೇ ಒಳಗಿನ ರೇಖೆಗಳನ್ನು ನುಂಗಿಬಿಡುತ್ತದೆ. ಊರಕಾಗೆಯ ಕತ್ತಿನ ಬೂದುಬಣ್ಣವನ್ನು ಉಳಿಸಿಕೊಂಡರೆ ತಲೆಗೂ ಒಡಲಿಗೂ ನಡುವೆ ಒಂದು ಗಡಿ ದೊರೆಯುತ್ತದೆ. ಪೂರ್ತಿ ಕರಿದಾದ ಕಾಡುಕಾಗೆಯನ್ನು ಆರಿಸಿಕೊಂಡವನು ಆ ಸೌಲಭ್ಯವನ್ನು ಬಿಟ್ಟುಕೊಟ್ಟಂತೆ. ನಾನಾದರೆ ಊರಕಾಗೆಯನ್ನೇ ಆರಿಸುವೆನು. ಆ ಬೂದುಬಣ್ಣ ಹೆಗಲ ಮೇಲೆಳೆದುಕೊಂಡ ಹಳೆಯ ಶಾಲಿನಂತೆ ತೋರುವುದು ಅದಕ್ಕೊಂದು ಕಾರಣ.

ಹೊರರೇಖೆಯ ಈ ವಿದ್ಯೆಯನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ತೊಗಲುಗೊಂಬೆಯವರು ಇದನ್ನು ತಲೆಮಾರುಗಳಿಂದ ಬಲ್ಲರು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಷ್ಟೋ ಮಂದಿ ಮೊದಲ ಬಾರಿಗೆ ಈ ಕಲೆಯ ಕಡೆ ತಿರುಗಿ ನೋಡಿದರು. ಅನಿಮೇಷನ್ ವಿದ್ಯಾರ್ಥಿಗಳು ಅದಕ್ಕೂ ಮುಂಚೆಯೇ ನೋಡಬೇಕಾಗಿತ್ತು. ಆ ಗೊಂಬೆಗಳ ಮುಖ ಹೆಚ್ಚಾಗಿ ಪಕ್ಕದಿಂದ ಕಾಣುವಂತೆ ಏಕಿರುತ್ತದೆಂದರೆ, ಮೂಗು ತುಟಿ ಗಲ್ಲಗಳ ಏರಿಳಿತವೆಲ್ಲ ಆಗ ಅಂಚಿನಲ್ಲಿಯೇ ಓದಲು ಸಿಗುತ್ತದೆ. ಕೈ ಆಡುವ ಗೊಂಬೆಯಲ್ಲಿ ಒಂದು ತುಂಡು ಇನ್ನೊಂದರ ಮೇಲೆ ತುಸು ಹಾಸಿಕೊಂಡಿರುವಂತೆ ಕತ್ತರಿಸಿ ದಾರದಿಂದ ಕೀಲು ಕಟ್ಟುವುದರಿಂದ, ಕೈ ಮೇಲೆತ್ತಿದಾಗ ಭುಜದಲ್ಲಿ ಕಂಡಿ ಬೀಳುವುದಿಲ್ಲ. ಕೀಲಿರುವ ಕಡೆ ಹೆಚ್ಚಿನ ಹಾಸು ಬೇಕು ಎಂಬ ಈ ಮಾತನ್ನು ನೆನಪಿನಲ್ಲಿಡಿ. ಕಂಪ್ಯೂಟರಿನೊಳಗೆ ಇದು ಬೇರೆ ವೇಷದಲ್ಲಿ ಮತ್ತೆ ಎದುರಾಗುತ್ತದೆ.

ಕಣ್ಣಿನ ವಿಷಯದಲ್ಲಿ ಒಂದು ನಿರ್ಧಾರವನ್ನು ಮೊದಲೇ ಮಾಡಿಕೊಳ್ಳುವುದು ಅಗತ್ಯ. ಕಾಗೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದು ಏನನ್ನಾದರೂ ಪರೀಕ್ಷಿಸಬೇಕಾದರೆ ತಲೆಯನ್ನು ಓರೆಮಾಡಿ ಒಂದೇ ಕಣ್ಣಿನಿಂದ ನೋಡುತ್ತದೆ. ಈ ಚೇಷ್ಟೆಯನ್ನು ಕಂಡೇ ನಮ್ಮ ಹಿಂದಿನವರು ಇರುವ ಒಂದೇ ಗುಡ್ಡೆಯನ್ನು ಅದು ಎರಡೂ ಕಡೆಗೆ ಹೊರಳಿಸುತ್ತದೆಂದು ಕಲ್ಪಿಸಿ ಕಾಕಾಕ್ಷಿನ್ಯಾಯವನ್ನು ಹೊಸೆದಿರಬೇಕು. ಕಣ್ಣುಗಳನ್ನು ಮನುಷ್ಯರಂತೆ ಮುಂದಕ್ಕೆ ತಂದರೆ ದುಃಖ, ಬೇಡಿಕೆ, ನಾಚಿಕೆಗಳನ್ನು ತೋರಿಸುವುದು ಸುಲಭ, ಆದರೆ ಕಾಗೆತನ ಕರಗುತ್ತದೆ. ಪಕ್ಕದಲ್ಲಿಯೇ ಬಿಟ್ಟರೆ ಕಾಗೆತನ ಉಳಿಯುತ್ತದೆ, ಭಾವವನ್ನೆಲ್ಲ ಕತ್ತಿನಿಂದ ನುಡಿಸಬೇಕಾಗುತ್ತದೆ.

ಈ ನಿರ್ಧಾರಗಳೆಲ್ಲ ಕೂಡಿ ಮಾಡೆಲ್ ಶೀಟ್ ಎಂಬ ಹಾಳೆಯಾಗಬೇಕು. ಮುಂಭಾಗ, ಮುಕ್ಕಾಲು ತಿರುವು, ಪಕ್ಕ, ಹಿಂಭಾಗ ಎಂಬ ನಾಲ್ಕು ನೋಟಗಳನ್ನು ಒಂದೇ ಎತ್ತರದ ಅಡ್ಡಗೆರೆಗಳ ಮೇಲೆ ನಿಲ್ಲಿಸಿ, ಕೊಕ್ಕಿನ ತುದಿ ಒಂದು ನೋಟದಲ್ಲಿ ಯಾವ ಗೆರೆಯ ಮೇಲಿದೆಯೋ ಉಳಿದವುಗಳಲ್ಲಿಯೂ ಅಲ್ಲಿಯೇ ಇರುವಂತೆ ನೋಡಿಕೊಳ್ಳಬೇಕು. ಕಾಗಕ್ಕನಿಗೆ ಎರಡು ಹಾಳೆ ಬೇಕು: ಒಣಗಿದ ಕಾಗಕ್ಕ, ತೊಯ್ದ ಕಾಗಕ್ಕ. ತೊಯ್ದಾಗ ಗರಿಗಳು ಮೈಗೆ ಅಂಟಿ ಕತ್ತು ಸಣ್ಣಗಾಗಿ ತಲೆ ಇದ್ದಕ್ಕಿದ್ದಂತೆ ದೊಡ್ಡದಾಗಿ ತೋರುತ್ತದೆ. ಅವಳ ಮೇಲೆ ಮಕ್ಕಳಿಗೆ ಕನಿಕರ ಹುಟ್ಟುವುದು ಮಾತಿನಿಂದಲ್ಲ, ಈ ಒಂದು ಅಳತೆಯ ವ್ಯತ್ಯಾಸದಿಂದ.

ಬಾಯಿಯ ಆಕಾರಗಳ ವಿಷಯದಲ್ಲಿ ಕನ್ನಡಿಗರು ಒಂದೆರಡು ಮಾತು ಹೆಚ್ಚಾಗಿ ತಿಳಿದಿರಬೇಕು. ಪುಸ್ತಕಗಳಲ್ಲಿ ದೊರೆಯುವ ತುಟಿಗಳ ಪಟ್ಟಿಗಳು ಇಂಗ್ಲಿಷ್ ಮಾತನ್ನು ಮನಸ್ಸಿನಲ್ಲಿಟ್ಟು ಬರೆದವು. ನಮ್ಮ ಮಾತಿಗೆ ಪ ಬ ಮ ಗಳಿಗೆ ಮುಚ್ಚಿದ ತುಟಿ, ಆ ಕಾರಕ್ಕೆ ತೆರೆದ ಬಾಯಿ, ಉ ಒ ಗಳಿಗೆ ದುಂಡನೆಯ ತುಟಿ, ಇ ಎ ಗಳಿಗೆ ಅಗಲಿಸಿದ ತುಟಿ, ತ ದ ನ ಲ ಗಳಿಗೆ ಹಲ್ಲಿನ ಹಿಂದೆ ತೋರುವ ನಾಲಗೆ, ಇಷ್ಟಿದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ. ಟ ಡ ಣ ಳ ಗಳಲ್ಲಿ ನಾಲಗೆ ಒಳಗೆ ಮಡಿಯುವುದರಿಂದ ಹೊರಗೆ ವಿಶೇಷವೇನೂ ಕಾಣದು. ಆದರೆ ಒತ್ತಕ್ಷರವನ್ನು ಉಪೇಕ್ಷಿಸಿದರೆ ಕನ್ನಡ ಕನ್ನಡವಾಗಿ ಕಾಣುವುದಿಲ್ಲ. ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟು. ಕೈಯಿಂದ ಬರೆಯುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಚೌಕಟ್ಟು ನಿಲ್ಲಿಸಿ 12 ಚಿತ್ರಗಳಲ್ಲಿ ಸೆಕೆಂಡನ್ನು ದಾಟಿಸುತ್ತಾರೆ. ಕಾಗಕ್ಕ ಬಾಗಿಲಲ್ಲಿ ನಿಂತು ‘ಗುಬ್ಬಕ್ಕ’ ಎಂದು ಕೂಗುವಾಗ, ‘ಗು’ವಿಗೆ ಕಿರಿದಾಗಿ ತೆರೆದ ಬಾಯಿ ‘ಬ್ಬ’ದಲ್ಲಿ ಮುಚ್ಚಿ, ಒಂಟಿ ‘ಬ’ಕಾರಕ್ಕಿಂತ ಎರಡು ಮೂರು ಚೌಕಟ್ಟು ಹೆಚ್ಚು ಕಾಲ ಮುಚ್ಚಿಯೇ ಇದ್ದು, ತರುವಾಯ ತೆರೆದುಕೊಂಡು, ‘ಕ್ಕ’ದಲ್ಲಿ ಗಂಟಲು ತಡೆದರೂ ಬಾಯಿ ಮುಚ್ಚದೆ, ಕೊನೆಯ ಸ್ವರದಲ್ಲಿ ಇನ್ನಷ್ಟು ಅಗಲವಾಗಿ ನಿಲ್ಲಬೇಕು. ಕನ್ನಡಿಯ ಮುಂದೆ ನಿಂತು ನೀವೇ ಒಮ್ಮೆ ಕೂಗಿ ನೋಡಿದರೆ ಸಾಕು. ಮನೆಯವರು ನಗುವುದು ಬೇರೆ ಮಾತು. ಆದರೆ ಕಾಗೆಗೆ ತುಟಿಯೇ ಇಲ್ಲವಷ್ಟೆ? ಗಟ್ಟಿ ಕೊಕ್ಕನ್ನು ತೆರೆದು ಮುಚ್ಚಿಸುವುದರಲ್ಲಿಯೇ ತೃಪ್ತಿಪಡಬೇಕೋ, ಕೊಕ್ಕಿನ ಬುಡದ ಅಂಚು ತುಟಿಯಂತೆ ಬಾಗುವಂತೆ ಮಾಡಬೇಕೋ ಎಂಬುದನ್ನು ಶೀಟಿನಲ್ಲಿಯೇ ಬರೆದಿಡಬೇಕು, ಏಕೆಂದರೆ ಬಾಗುವ ಕೊಕ್ಕಿನ ಮಾಡೆಲಿನ ಹೆಣಿಗೆಯೇ ಬೇರೆ.

ಈಗ ಕಂಪ್ಯೂಟರಿನ ಮುಂದೆ ಕೂರಬಹುದು. 1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂಯೆಲ್ ಎಂಬವರು ತಮ್ಮ ಮನೆಯ ಚಹಾದ ಕೆಟಲನ್ನು ಕಂಪ್ಯೂಟರಿನೊಳಗೆ ಕಟ್ಟಿದರು. ಗ್ರಾಫಿಕ್ಸ್ ಲೋಕದಲ್ಲಿ ಅದರಷ್ಟು ಪ್ರಸಿದ್ಧವಾದ ಪಾತ್ರೆ ಮತ್ತೊಂದಿಲ್ಲ. ಆದರೆ ಅವರು ಮೊದಲು ಮಾಡಿದ್ದು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಅದರ ರೇಖಾಚಿತ್ರವನ್ನು ಬರೆದದ್ದು. ಅದೇ ಕ್ರಮವನ್ನು ನಾವೂ ಅನುಸರಿಸುವೆವು. ಉಚಿತವಾಗಿ ದೊರೆಯುವ ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಆರಂಭಕ್ಕೆ ಸಾಕಾದದ್ದು ಮಾತ್ರವಲ್ಲ, ಕೊನೆಯವರೆಗೂ ಸಾಕು. ಲಾಟ್ವಿಯಾದ ನಿರ್ದೇಶಕರೊಬ್ಬರು ಅದರಲ್ಲಿಯೇ ಮಾಡಿದ ‘ಫ್ಲೋ’ ಎಂಬ ಮಾತಿಲ್ಲದ ಚಿತ್ರ 2025ರಲ್ಲಿ ಆಸ್ಕರ್ ಪಡೆಯಿತು. ಮಾಯಾ, ಜ಼ಡ್‌ಬ್ರಷ್ ಮೊದಲಾದವು ಸ್ಟುಡಿಯೊಗಳಲ್ಲಿ ಬಳಕೆಯಲ್ಲಿವೆ. ಒಂದನ್ನು ಚೆನ್ನಾಗಿ ಕಲಿತವನಿಗೆ ಇನ್ನೊಂದು ಕೆಲವು ವಾರಗಳ ಮಾತು. ಯಂತ್ರಕ್ಕೆ 16 ಜಿಬಿ ಸ್ಮೃತಿ, ಬೇರೆಯಾದ ಒಂದು ಗ್ರಾಫಿಕ್ಸ್ ಕಾರ್ಡ್, ಮೂರು ಗುಂಡಿಯ ಮೌಸ್ ಇದ್ದರೆ ನೆಮ್ಮದಿ. ತೆರೆಯಿಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ಟೇ ಸಾಕು. ದುಬಾರಿಯದನ್ನು ಮೊದಲ ಸಂಬಳಕ್ಕೆ ಬಿಡಿ.

ಮಾಡೆಲ್ ಶೀಟಿನ ಮುಂಭಾಗದ ಚಿತ್ರವನ್ನೂ ಪಕ್ಕದ ಚಿತ್ರವನ್ನೂ ಹಿನ್ನೆಲೆಯಲ್ಲಿ ನಿಲ್ಲಿಸಿ, ಒಂದು ಸಾದಾ ಘನದಿಂದ ಆರಂಭಿಸಬೇಕು. ಕೀಬೋರ್ಡಿನ ಬಲಗಡೆಯ ಅಂಕಿಗಳಲ್ಲಿ 1 ಒತ್ತಿದರೆ ಮುಂಭಾಗ, 3 ಒತ್ತಿದರೆ ಪಕ್ಕ; ಜಿ ಸರಿಸುವುದಕ್ಕೆ, ಆರ್ ತಿರುಗಿಸುವುದಕ್ಕೆ, ಎಸ್ ಹಿಗ್ಗಿಸುವುದಕ್ಕೆ. ಮೊದಲ ವಾರಕ್ಕೆ ಇಷ್ಟು ಮಂತ್ರ ಸಾಕು. ಘನವನ್ನು ನಡುವೆ ಸೀಳಿ ಒಂದು ಪಕ್ಕವನ್ನು ಮಾತ್ರ ಉಳಿಸಿಕೊಂಡು ಮಿರರ್ ಹಾಕಿದರೆ ಮತ್ತೊಂದು ಪಕ್ಕ ಪ್ರತಿಬಿಂಬವಾಗಿ ತಾನೇ ಮೂಡುತ್ತದೆ. ಕ್ಲಿಪ್ಪಿಂಗ್ ಎಂಬ ಆಯ್ಕೆಯನ್ನು ಗುರುತು ಮಾಡದಿದ್ದರೆ ನಡುಗೆರೆಯಲ್ಲಿ ಬಿರುಕು ಬಿಡುತ್ತದೆ. ಬಿಂದುಗಳು ಎಷ್ಟು ಕಡಮೆಯೋ ಅಷ್ಟು ಕಾಲ ಆಕಾರ ನಿಮ್ಮ ಹಿಡಿತದಲ್ಲಿರುತ್ತದೆ. ನುಣುಪು ಬೇಕೆನಿಸಿದಾಗ ಬಿಂದುಗಳನ್ನು ಕೈಯಿಂದ ಸೇರಿಸುತ್ತ ಹೋಗುವುದು ಅವಿವೇಕ. ಅದಕ್ಕೆ ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ರೂಪಿಸಿಕೊಟ್ಟ ಉಪವಿಭಜನೆಯ ಗಣಿತವಿದೆ. 600 ಚೌಕಗಳ ಒರಟು ಕಾಗೆ ಒಂದು ಮೆಟ್ಟಿಲಿಗೆ 2,400, ಎರಡನೆಯದಕ್ಕೆ 9,600 ಆಗಿ ನಯವಾಗುತ್ತದೆ. ನೀವು ಅಲುಗಿಸುವುದು ಮಾತ್ರ ಆ 600ನ್ನೇ. ಪಿಕ್ಸಾರ್ ಸಂಸ್ಥೆ 1997ರಲ್ಲಿ ಮಾಡಿದ, ಮುದುಕನೊಬ್ಬ ತನ್ನೊಡನೆ ತಾನೇ ಚದುರಂಗವಾಡುವ ‘ಗೆರೀಸ್ ಗೇಮ್’ ಎಂಬ ಕಿರುಚಿತ್ರದಲ್ಲಿ ಆತನ ಚರ್ಮವೂ ಕೋಟೂ ಈ ವಿಧಾನದಿಂದಲೇ ಆದವು.

ಆ ಮೂಲ ಚೌಕಗಳು ಯಾವ ದಿಕ್ಕಿಗೆ ಹರಿಯಬೇಕು ಎಂಬುದೇ ಟೋಪಾಲಜಿ. ಸಾಧ್ಯವಾದಷ್ಟೂ ನಾಲ್ಕು ಅಂಚಿನ ಮುಖಗಳೇ ಇರಲಿ. ಕಣ್ಣಿನ ಸುತ್ತ ಬಳೆಗಳಂತೆ, ಕೊಕ್ಕಿನ ಬುಡದ ಸುತ್ತ ಬಳೆಗಳಂತೆ, ಪ್ರತಿಯೊಂದು ಕೀಲಿನ ಸುತ್ತಲೂ ಕನಿಷ್ಠ ಮೂರು ಸುತ್ತು ಸಾಲುಗಳಿರಲಿ. ತೊಗಲುಗೊಂಬೆಯ ಹೆಚ್ಚಿನ ಹಾಸು ಇಲ್ಲಿ ಬಂತು ನೋಡಿ: ಸಾಲುಗಳಿಲ್ಲದ ಕೀಲು ಮಡಿಸಿದಾಗ ತಗಡಿನ ಕೊಳವೆಯಂತೆ ನುಗ್ಗಾಗುತ್ತದೆ. ಕಾಗಕ್ಕ ಬಾಗಿಲನ್ನು ಬಡಿಯುವುದು ಕೊಕ್ಕಿನಿಂದಲಾದರೆ ಅವಳ ಕತ್ತಿಗೆ ಒಡಲಿಗಿಂತ ಹೆಚ್ಚು ಸಾಲು ಬೇಕು. ಅವಳು ರೆಕ್ಕೆಯಿಂದ ಬಡಿಯುವವಳಾದರೆ ಆ ಸಾಲುಗಳನ್ನು ಹೆಗಲಿಗೂ ಮಣಿಕಟ್ಟಿಗೂ ಕೊಡಬೇಕು. ಕಥೆಯ ಒಂದು ಸಣ್ಣ ಕ್ರಿಯೆ ಮಾಡೆಲಿನ ಹೆಣಿಗೆಯನ್ನೇ ನಿರ್ಧರಿಸುವುದು ಹೀಗೆ.

ರೆಕ್ಕೆಯನ್ನು ಮಡಿಸಿದಂತೆ ಕಟ್ಟಬಾರದು. ನಾನು ಮೊದಲ ಕಾಗೆಯನ್ನು ಮಾಡಿದಾಗ, ಗೋಡೆಯ ಮೇಲೆ ಕಂಡದ್ದು ಮಡಿಸಿದ ರೆಕ್ಕೆಯೇ ಆದ್ದರಿಂದ ಹಾಗೆಯೇ ಮಾಡಿ, ಅದರ ಅಂದಕ್ಕೆ ನಾನೇ ಮರುಳಾಗಿ, ಅದನ್ನು ಬಿಡಿಸಬೇಕಾದ ದಿನ ಮೂರು ವಾರದ ಕೆಲಸವನ್ನು ಕಸದ ಬುಟ್ಟಿಗೆ ಹಾಕಬೇಕಾಯಿತು. ಒಡಲಿನಿಂದ ಪಕ್ಕಕ್ಕೆ ಚಾಚಿದಂತೆ ರಟ್ಟೆ, ಮುಂದೋಳು, ಕೈ ಎಂಬ ಮೂರು ತುಂಡುಗಳನ್ನು ಕಟ್ಟಿ, ಒಂದೇ ಒಂದು ಗರಿಯನ್ನು ಚೆನ್ನಾಗಿ ಮಾಡಿ, ಅದನ್ನೇ ನಕಲು ಮಾಡುತ್ತ ಉದ್ದ ಬದಲಿಸುತ್ತ ಹತ್ತನ್ನು ಕೈಗೆ, ಉಳಿದವನ್ನು ಮುಂದೋಳಿಗೆ ಜೋಡಿಸಬೇಕು. ಮೈಯ ಸಣ್ಣ ಗರಿಗಳನ್ನು ಒಂದೊಂದಾಗಿ ಮಾಡುವ ಹುಚ್ಚಿಗೆ ಹೋಗದೆ ಅವನ್ನು ಬಣ್ಣದ ಕೆಲಸಕ್ಕೆ ಬಿಡುವುದು ಕ್ಷೇಮ. ಆ ಕೆಲಸಕ್ಕೆ ಮುಂಚೆ ಮೈಯನ್ನು ಬಿಚ್ಚಿ ಸಮತಲವಾಗಿ ಹಾಸುವ ಯುವಿ ಎಂಬ ಘಟ್ಟವುಂಟು. ಹೊಲಿದ ರವಕೆಯ ಹೊಲಿಗೆ ಬಿಚ್ಚಿ ತುಂಡುಗಳನ್ನು ಮೇಜಿನ ಮೇಲೆ ಹರಡುವುದನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಹೊಲಿಗೆಯನ್ನು ಕಣ್ಣಿಗೆ ಬೀಳದ ಕಡೆ, ಹೊಟ್ಟೆಯ ಅಡಿಯಲ್ಲಿ, ರೆಕ್ಕೆಯ ಒಳಮೈಯಲ್ಲಿ ಇಡಬೇಕೆಂಬುದೂ ದರ್ಜಿಯ ಬುದ್ಧಿಯೇ. ಬಣ್ಣ ಹಚ್ಚುವಾಗ ಕಾಗೆಗೆ ಶುದ್ಧ ಕಪ್ಪು ಹಚ್ಚಬಾರದು. ಬಿಸಿಲಿನಲ್ಲಿ ಅದರ ಬೆನ್ನಿನ ಮೇಲೆ ನೀಲಿ ನೇರಳೆಗಳ ಹೊಳಪು ಆಡುವುದನ್ನು ನಿಮ್ಮ ಕರಡುಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಮಾಡಿಕೊಂಡಿದ್ದರೆ ಅದು ಈಗ ಉಪಯೋಗಕ್ಕೆ ಬರುತ್ತದೆ.

ಮಾಡೆಲನ್ನು ರಿಗ್ಗಿಂಗಿಗೆ, ಎಂದರೆ ಒಳಗೆ ಅಸ್ಥಿಪಂಜರ ಜೋಡಿಸುವ ಕೆಲಸಕ್ಕೆ, ಕೊಡುವ ಮುಂಚೆ ಅಳತೆಗಳನ್ನು ಸ್ಥಿರಗೊಳಿಸಿ, ತಿರುವುಮುರುವಾದ ಮುಖಗಳನ್ನು ಸರಿಪಡಿಸಿ, ಪ್ರತಿಯೊಂದು ಭಾಗಕ್ಕೂ ಅರ್ಥವಾಗುವ ಹೆಸರಿಡಿ. ಕಡತವನ್ನು ದಿನಕ್ಕೊಂದು ಸಂಖ್ಯೆಯಿಂದ ಬೇರೆಯಾಗಿ ಉಳಿಸಿ, ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ. ಅನಂತರ ಅಸ್ಥಿಪಂಜರವನ್ನು ಹೊಗಿಸಿ, ಚೆಲುವಾದ ಭಂಗಿಯಲ್ಲಿ ನಿಲ್ಲಿಸಿ ಸಂತೋಷಪಡುವುದಕ್ಕೆ ಬದಲಾಗಿ, ಅತ್ಯಂತ ಕಠಿಣವಾದ ಭಂಗಿಗಳಲ್ಲಿ ಪರೀಕ್ಷಿಸಬೇಕು: ಬೆನ್ನಿನ ಗರಿಯನ್ನು ಕೊಕ್ಕಿನಿಂದ ತೀಡುವುದು, ರೆಕ್ಕೆಯನ್ನು ಪೂರ್ತಿ ಮಡಿಸುವುದು, ಕತ್ತನ್ನು ಹೆಗಲೊಳಕ್ಕೆ ಎಳೆದುಕೊಂಡು ಮಳೆಯಲ್ಲಿ ಮುದುಡುವುದು.

ತರಬೇತಿ ಕೇಂದ್ರವನ್ನು ಆರಿಸುವವರಿಗೆ ಒಂದೇ ಮಾತು. ನನಗೆ ಪರಿಚಿತನಾದ ಹುಡುಗನೊಬ್ಬ ಸೇರಿದ ಕೇಂದ್ರದಲ್ಲಿ ತಿಂಗಳುಗಟ್ಟಲೆ ಗುಂಡಿಗಳ ಹೆಸರನ್ನಷ್ಟೇ ಕಲಿಸಿ, ಕೊನೆಗೆ ತರಗತಿಯವರೆಲ್ಲರ ಕೈಯಿಂದಲೂ ಒಂದೇ ರೋಬಾಟನ್ನು ಮಾಡಿಸಿ ಕಳುಹಿಸಿದರು. ಹಣ ಕಟ್ಟುವ ಮುಂಚೆ ಹಿಂದಿನ ವಿದ್ಯಾರ್ಥಿಗಳ ಕರಡುಪುಸ್ತಕಗಳನ್ನು ತೋರಿಸಿರೆಂದು ಕೇಳಿರಿ. ತೋರಿಸಲು ಅವರ ಬಳಿ ಇಲ್ಲದಿದ್ದರೆ ಎದ್ದು ಬನ್ನಿ. ಇನ್ನು ಕೆಲಸದ ಮಾತು. ನಮ್ಮ ರಾಜ್ಯವು ಅನಿಮೇಷನ್ ಮತ್ತು ಗೇಮಿಂಗಿಗೆಂದೇ 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ಮಾಡಿಕೊಂಡಿತು. ಬೆಂಗಳೂರಿನಲ್ಲಿ ಸ್ಟುಡಿಯೊಗಳಿಗೆ ಕೊರತೆಯಿಲ್ಲ, ಆದರೆ ಅವರು ನೋಡುವುದು ಪ್ರಮಾಣಪತ್ರವನ್ನಲ್ಲ, ನಿಮ್ಮ ಆಯ್ದ ಕೆಲಸಗಳನ್ನು ಜೋಡಿಸಿದ ಶೋರೀಲನ್ನು. ಅದು ಒಂದೆರಡು ನಿಮಿಷ ಮೀರದಿರಲಿ. ಅತ್ಯುತ್ತಮವಾದದ್ದನ್ನು ಮೊದಲು ಇಡಿ. ಕಾಗಕ್ಕ ಒಮ್ಮೆ ಸುತ್ತು ತಿರುಗಲಿ, ಅದೇ ತಿರುಗುವಿಕೆಯಲ್ಲಿ ಅವಳ ಬಣ್ಣ ಕಳಚಿ ಒಳಗಿನ ಚೌಕಗಳ ಹೆಣಿಗೆ ಕಾಣಲಿ, ಬಳಿಕ ಬಾಗಿಲು ಬಡಿಯುವ ನಾಲ್ಕು ಸೆಕೆಂಡು. ಇತರರೊಡನೆ ಮಾಡಿದ ಕೆಲಸವಾಗಿದ್ದರೆ ನಿಮ್ಮ ಪಾಲು ಯಾವುದೆಂದು ಸ್ಪಷ್ಟವಾಗಿ ಬರೆಯಿರಿ. ಕೊನೆಯಲ್ಲಿ ಕರಡುಪುಸ್ತಕದ ಎರಡು ಪುಟಗಳಿಗೆ ಜಾಗ ಮಾಡಿಕೊಡಿ, ಆರು ಅಪೂರ್ಣ ಕಾಗೆಗಳಿರುವ ಪುಟವಾದರೂ ಆಗಬಹುದು. ಅದನ್ನು ತಿದ್ದಿ ಶುಭ್ರಗೊಳಿಸುವ ಅಗತ್ಯವಿಲ್ಲ.